ಮತ್ತು ಇಳಿದ ಮೇಲೆ

ಹದಿನಾಲ್ಕನೇ ತಾರೀಖು, ಭಾನುವಾರ
ಬೆಳಿಗ್ಗೆ, ಊಟದ ಮೇಜಿನ ಮುಂದೆ

ಪ್ರೀತಿಯ ಗುಂಡಮ್ಮನಿಗೆ,

ಮೂವತ್ತೊಂದು ತುಂಬಿದವಳನ್ನು ಹೀಗೆ ಕರೆಯಬೇಡ ಎಂದು ಎಷ್ಟು ಸಲ ಹೇಳಿದ್ದೀಯ. ಈ ಒಂದು ಕಾಗದದ ಮಟ್ಟಿಗೆ ಸಹಿಸಿಕೋ. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ದಿನದಿಂದ ನೋಡುತ್ತಿದ್ದೇನೆ. ನೀನು ಊಟ ಆಯಿತೇ, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುತ್ತೀಯ, ನಾನು ಹೂಂ ಅನ್ನುತ್ತೇನೆ, ನಿನ್ನ ಹಿಂದೆ ಯಾವುದೋ ಬಸ್ಸು ಗುರ್ ಎನ್ನುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹೆಡ್‌ಮೇಡಂ ಆಗಿ ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ಸ್ವಂತ ಮಗಳಿಗೆ ನಾಲ್ಕು ಮಾತು ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವರದಿ. ಹೊಟ್ಟೆಯ ಮೇಲಿನ ನಾಲ್ಕು ಗೀರುಗಳೂ ಒಣಗಿವೆ. ಪಿತ್ತಕೋಶ ಇಲ್ಲದೆಯೂ ಮನುಷ್ಯರು ಬದುಕುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ದಿನವೂ ಮೂಲೆಯ ಬೇಕರಿಯವರೆಗೆ ನಡೆದು ಬರುತ್ತೇನೆ. ನಿಮ್ಮಪ್ಪ ಎರಡು ಹೆಜ್ಜೆ ಹಿಂದೆಯೇ ಇರುತ್ತಾರೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ಜೀವನ ಸವೆಸಿದವರಲ್ಲವೇ, ನನ್ನನ್ನೂ ರಿಜಿಸ್ಟರ್ಡ್ ಲಕೋಟೆಯಂತೆ ಜೋಪಾನವಾಗಿ ಮನೆಗೆ ಮುಟ್ಟಿಸುತ್ತಾರೆ.

ಇನ್ನು ಅಸಲು ವಿಷಯ. ಆಪರೇಷನ್ ಆದ ಮೇಲೆ ನನಗೆ ಮೈಮೇಲೆ ಎಚ್ಚರವಿಲ್ಲದ ಆ ಮೂರು ದಿನ ಏನಾಯಿತೆಂದು ನೀನು ನನಗೆ ಸರಿಯಾಗಿ ಹೇಳಲೇ ಇಲ್ಲ. ಸ್ವಲ್ಪ ಗೊಂದಲ ಆಗಿತ್ತು, ಈಗ ಸರಿಯಾಯಿತಲ್ಲ ಎಂದು ತೇಲಿಸಿಬಿಟ್ಟೆ. ನೀನು ರಜೆ ಮುಗಿಸಿ ಬಸ್ ಡಿಪೋಗೆ ವಾಪಸಾದ ಮೇಲೆ ನಾನು ನಿಮ್ಮಪ್ಪನನ್ನು ಪೀಡಿಸಿದೆ. ಮಂಗಳವಾರ ಅಂಗಿಗೆ ಇಸ್ತ್ರಿ ಹಾಕುತ್ತಾ, ಮುಖ ತಿರುಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ಆ ಅಂಗಿಯ ತೋಳಿನ ಮೇಲೆ ಈಗ ಇಸ್ತ್ರಿಪೆಟ್ಟಿಗೆಯ ಕಂದು ಗುರುತಿದೆ.

ನನಗೆ ನೆನಪಿರುವುದು ಇಷ್ಟು. ಆಪರೇಷನ್ ಮೇಜಿನ ಮೇಲೆ ಅರಿವಳಿಕೆ ಡಾಕ್ಟರು ನೂರರಿಂದ ಹಿಂದಕ್ಕೆ ಎಣಿಸಿ ಎಂದರು. ಒಂದರವರೆಗೂ ತಪ್ಪಿಲ್ಲದೆ ಹೇಳಿ ತೋರಿಸುತ್ತೇನೆಂದು ಶುರುಮಾಡಿದೆ, ತೊಂಬತ್ತೇಳಕ್ಕೇ ಮುಗ್ಗರಿಸಿದೆ. ಮಾರನೆಯ ದಿನ ಮನೆಗೆ ಬಂದಾಗ ಚೆನ್ನಾಗಿಯೇ ಇದ್ದೆ. ಡಿಸ್ಚಾರ್ಜ್ ಕಾಗದದಲ್ಲಿ ನಮ್ಮ ಬೀದಿಯ ಹೆಸರು ತಪ್ಪಾಗಿದೆ ಎಂದು ತಿದ್ದಿದ್ದೂ ನೆನಪಿದೆ. ಅದರ ಮರುದಿನದ ಸಂಜೆಯಿಂದ ತಲೆಯಲ್ಲಿ ಬರೀ ಒರೆಸಿದ ಸ್ಲೇಟು.

ಉಳಿದದ್ದು ನಿಮ್ಮಪ್ಪನ ಬಾಯಿಂದ. ಆ ಸಂಜೆ ಛಾವಣಿಯಿಂದ ಸೀಮೆಸುಣ್ಣದ ಪುಡಿ ಉದುರುತ್ತಿದೆ ಎಂದು ಹೊದಿಕೆಯನ್ನು ಕೊಡವಿದ್ದೇ ಕೊಡವಿದ್ದಂತೆ. ಬೆಳಗಾಗುವಷ್ಟರಲ್ಲಿ ಮಲಗುವ ಕೋಣೆ ಪರೀಕ್ಷೆಯ ಹಾಲ್ ಆಗಿತ್ತಂತೆ. ನಿಮ್ಮಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದವನದನ್ನು ನೋಡಿ ಬರೆಯಬೇಡ ಎಂದು ಗದರಿದೆನಂತೆ. ಪಾಪ, ಅವರು ಒಂದು ಗಂಟೆ ಕೈಕಟ್ಟಿ ಕೂತಿದ್ದರಂತೆ. ಏಳಲು ಹೋದರೆ ಇನ್ನೂ ಬೆಲ್ ಆಗಿಲ್ಲ ಅನ್ನುತ್ತಿದ್ದೆನಂತೆ. ಇದನ್ನು ಹೇಳುವಾಗ ಅವರಿಗೂ ನಗು ಬಂತು, ನನಗೂ ಬಂತು. ಆಮೇಲಿನದಕ್ಕೆ ನಗು ಬರಲಿಲ್ಲ. ಮಾತಿನ ಮಧ್ಯದಲ್ಲೇ ಕಣ್ಣು ಮುಚ್ಚಿಬಿಡುತ್ತಿದ್ದೆನಂತೆ. ಎದ್ದರೆ ಇದು ಯಾರ ಮನೆ ಎಂದು ಕೇಳುತ್ತಿದ್ದೆನಂತೆ. ನೀರು ಕೊಟ್ಟರೆ ಅದು ಶಾಯಿ ಎಂದು ತುಟಿ ಬಿಗಿಹಿಡಿಯುತ್ತಿದ್ದೆನಂತೆ.

ಮನೆಯಲ್ಲಿ ಸಲಹೆಗೇನು ಬರವೇ? ಎದುರುಮನೆಯ ಕಾಂಪೌಂಡರ್ ಬಂದು, ಅರಿವಳಿಕೆಯ ಮತ್ತು ಇಳಿಯಲು ಕೆಲವರಿಗೆ ವಾರವೇ ಬೇಕು, ನಿದ್ದೆ ಮಾತ್ರೆ ಕೊಟ್ಟು ಮಲಗಿಸಿ ಎಂದರು, ಮಾತ್ರೆಯನ್ನೂ ತಂದುಕೊಟ್ಟರು. ನಿಮ್ಮತ್ತೆ ಫೋನಿನಲ್ಲಿ ಕೇಳಿಸಿಕೊಂಡು, ಅರವತ್ತೆಂಟಾಯಿತಲ್ಲ, ಇದು ಮರೆವಿನ ಕಾಯಿಲೆಯ ಶುರು, ಇನ್ನು ಅಭ್ಯಾಸ ಮಾಡಿಕೊಳ್ಳಿ ಎಂದು ತಮ್ಮನಿಗೆ ಸಮಾಧಾನ ಹೇಳಿದರು. ನಿಮ್ಮಪ್ಪ ಸೋತುಹೋದರು. ನಾಲ್ಕು ದಶಕದ ಸಂಸಾರ ಒಂದು ಬೆಳಿಗ್ಗೆಯಲ್ಲಿ ಕೈಜಾರಿತು ಅನ್ನಿಸಿತಂತೆ. ನಿದ್ದೆ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಾಗ ನೀನು ಅವರ ಮಣಿಕಟ್ಟು ಹಿಡಿದೆಯಂತೆ.

"ಅಪ್ಪ, ಗಾಡಿ ಹಳೇದು ಅಂತ ಕೈಬಿಡೋಕಾಗಲ್ಲ. ಮೊನ್ನೆ ಓಡ್ತಿದ್ದದ್ದು ಇವತ್ತು ನಿಂತಿದೆ ಅಂದ್ರೆ ಏನೋ ಒಂದು ಬದಲಾಗಿದೆ. ಅದೇನು ಅಂತ ಮೊದಲು ನೋಡೋಣ. ಇದನ್ನ ಕೊಟ್ರೆ ಸದ್ದು ನಿಲ್ಲುತ್ತೆ, ಅಷ್ಟೇ."

ಈ ಮಾತನ್ನು ನಿಮ್ಮಪ್ಪ ಎರಡು ಸಲ ಹೇಳಿದರು. ಎರಡನೆಯ ಸಲ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಿದ್ದರು.

ಆಮೇಲೆ ನೀನು ಮಾಡಿದ್ದನ್ನು ಯಾರಾದರೂ ಹೇಳಿಕೊಟ್ಟಿದ್ದರೇ ಗುಂಡಮ್ಮ? ಎಷ್ಟು ಗಂಟೆಗೆ ಯಾವ ಮಾತ್ರೆ, ಎಷ್ಟು ನೀರು, ಎಷ್ಟು ನಿದ್ದೆ, ನಿಮಿಷಕ್ಕೆ ಎಷ್ಟು ಉಸಿರು, ಮೈ ಬಿಸಿ ಎಷ್ಟು, ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದೆಯಂತೆ. ಬರೆಯುತ್ತಾ ಬರೆಯುತ್ತಾ ಒಂದು ಕಡೆ ಪೆನ್ನು ನಿಂತಿತಂತೆ. ಹಿಂದಿನ ದಿನ ಮಧ್ಯಾಹ್ನದಿಂದ ನಾನು ಮತ್ತೆ ಮತ್ತೆ ಬಚ್ಚಲಿಗೆ ಹೋಗಿ ಕೂತು ಬರುತ್ತಿದ್ದೆ, ಆದರೆ ಮೂತ್ರ ಮಾತ್ರ ಆಗಿರಲಿಲ್ಲ. ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿದರೆ ಹೊಟ್ಟೆ ಬಿಗಿದುಕೊಂಡಿತ್ತು. ಕೂಡಲೇ ನೀನು ಡಿಸ್ಚಾರ್ಜ್ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಲ್ಲಿದ್ದವರು ವಯಸ್ಸಾದವರಿಗೆ ಹೀಗಾಗುತ್ತದೆ, ನಾಳೆ ಹೊರರೋಗಿ ವಿಭಾಗಕ್ಕೆ ಬನ್ನಿ ಎಂದರಂತೆ. ನೀನು ದನಿ ಎತ್ತಲಿಲ್ಲವಂತೆ. ಮೊನ್ನೆಯವರೆಗೆ ಅಮ್ಮ ಹೇಗಿದ್ದಳು, ಇವತ್ತು ಹೇಗಿದ್ದಾಳೆ ಎಂದು ಕ್ಯಾಲೆಂಡರ್ ನೋಡಿ ಓದಿದೆಯಂತೆ. ಫೋನ್ ಡಾಕ್ಟರ ಕೈಗೆ ಹೋಯಿತು. ಅವರು ಕೇಳಿಸಿಕೊಂಡವರೇ ಈಗಲೇ ಕರೆತನ್ನಿ ಎಂದರು.

ಇಲ್ಲಿಯವರೆಗೆ ಬರೆಯುವುದು ಸುಲಭ. ಮುಂದಿನ ಪ್ಯಾರಾಕ್ಕೆ ಒಂದು ಲೋಟ ಕಾಫಿ ಬೇಕಾಯಿತು.

ಆಂಬುಲೆನ್ಸ್ ಬರುವವರೆಗಿನ ಅರ್ಧ ಗಂಟೆಯಲ್ಲಿ ನೀನು ನನಗೆ ಕನ್ನಡಕ ಹಾಕಲು ಬಂದೆ. ನಾನು ನಿನ್ನ ಕೈಯನ್ನು ತಳ್ಳಿದೆನಂತೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದನ್ನು ಒಂದಕ್ಷರ ಬಿಡದೆ ಹೇಳಿದ್ದಾರೆ.

"ನೀವು ಯಾರು? ಉಗುರಲ್ಲೆಲ್ಲ ಗ್ರೀಸ್ ಇದೆ, ನನ್ನ ಮುಟ್ಬೇಡಿ. ನನ್ನ ಮಗಳು ದೊಡ್ಡ ಆಫೀಸರ್. ಅವಳು ಬರ್ಲಿ."

ನೀನು ಬಚ್ಚಲಿಗೆ ಹೋದೆಯಂತೆ. ನಲ್ಲಿಯ ನೀರು ತುಂಬ ಹೊತ್ತು ಸುರಿಯಿತಂತೆ. ಈಚೆ ಬಂದಾಗ ಕೈಗಳು ಕೆಂಪಗಿದ್ದವು, ತಲೆ ಬಾಚಿದ್ದೆ. ಮಂಚದ ಪಕ್ಕ ಮಂಡಿಯೂರಿ ಕೂತು ಹೇಳಿದೆಯಂತೆ:

"ಮೇಡಂ, ಆಫೀಸಿಂದಾನೇ ಬಂದಿದೀನಿ. ನಿಮ್ಮನ್ನ ಕರ್ಕೊಂಡು ಬಾ ಅಂತ ನಿಮ್ಮ ಮಗಳೇ ಕಳಿಸಿದಾರೆ."

ಆಗ ನಾನು ತಕರಾರಿಲ್ಲದೆ ಕನ್ನಡಕ ಹಾಕಿಸಿಕೊಂಡೆನಂತೆ. ಗಾಡಿಯಲ್ಲಿ ದಾರಿಯುದ್ದಕ್ಕೂ ನಿನ್ನ ಕೈ ಬಿಡಲಿಲ್ಲವಂತೆ, ಆಫೀಸರ್ ಮಗಳ ಗುಣಗಾನ ಮಾಡುತ್ತಲೇ ಇದ್ದೆನಂತೆ. ನೀನು ಹೌದು ಮೇಡಂ, ಹೌದು ಮೇಡಂ ಅನ್ನುತ್ತಿದ್ದೆಯಂತೆ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಕೂಡಲೇ ಒಂದು ಲೀಟರಿಗೂ ಹೆಚ್ಚು ಬಂತು. ಮೂತ್ರದಲ್ಲಿ ಸೋಂಕಿತ್ತು. ಆಪರೇಷನ್, ಅರಿವಳಿಕೆ, ಮನೆಗೆ ಕೊಟ್ಟು ಕಳಿಸಿದ್ದ ಬಲವಾದ ನೋವಿನ ಮಾತ್ರೆ, ಸೋಂಕು, ಎಲ್ಲ ಸೇರಿ ತಲೆಯನ್ನು ಕದಡಿದ್ದವು, ಇದು ಮರೆವಿನ ಕಾಯಿಲೆಯಲ್ಲ ಎಂದು ಡಾಕ್ಟರು ವಿವರಿಸಿದರು. ಆ ನೋವಿನ ಮಾತ್ರೆಯನ್ನು ನಿಲ್ಲಿಸಿದರು. ನಿದ್ದೆ ಮಾತ್ರೆಯೂ ಹೊಟ್ಟೆಗೆ ಬಿದ್ದಿದ್ದರೆ ಉಸಿರಿಗೇ ಸಂಚಕಾರ ಬರುತ್ತಿತ್ತಂತೆ. ನಿನ್ನ ಕ್ಯಾಲೆಂಡರನ್ನು ಅವರು ಎರಡು ಸಲ ಓದಿದರಂತೆ. ನೀವು ನರ್ಸಾ ಎಂದು ಕೇಳಿದರಂತೆ. ನೀನು ಅಲ್ಲ ಎಂದಷ್ಟೇ ಹೇಳಿ ಸುಮ್ಮನಾದೆಯಂತೆ. ಏನು ಕೆಲಸವೆಂದು ಹೇಳಲಿಲ್ಲವಂತೆ.

ಈ ಸುಮ್ಮನಾದದ್ದೇ ನನ್ನನ್ನು ಮಂಗಳವಾರದಿಂದ ಕೊರೆಯುತ್ತಿದೆ.

ಅಂಥ ಸ್ಥಿತಿಯಲ್ಲಿ ಆಡಿದ ಮಾತಿಗೆ ಅರ್ಥವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ನಿನಗೆ ಹೇಳಿದ್ದಾರೆ. ಸೀಮೆಸುಣ್ಣದ ಪುಡಿಗೆ ಅರ್ಥವಿಲ್ಲ, ಒಪ್ಪುತ್ತೇನೆ. ಆದರೆ ಆಫೀಸರ್ ಮಗಳು ಮತ್ತಿನಲ್ಲಿ ಹುಟ್ಟಿದವಳಲ್ಲ. ಒಂಬತ್ತು ವರ್ಷದಿಂದ ನಾನು ಎಚ್ಚರದಲ್ಲೇ ಹೇಳಿಕೊಂಡು ಬಂದ ಸುಳ್ಳು ಅದು. ನೀನು ಡಿಪೋ ಸೇರಿದಾಗ ಸಾರಿಗೆ ಕಚೇರಿಯಲ್ಲಿ ಅಧಿಕಾರಿಯಾಗಿದ್ದಾಳೆ ಎಂದು ನಿಮ್ಮತ್ತೆಗೆ ಹೇಳಿದೆ. ಆಮೇಲೆ ಸ್ಟಾಫ್‌ರೂಮಿನಲ್ಲಿ, ಮದುವೆಮನೆಗಳಲ್ಲಿ, ನನ್ನ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ. ಆವತ್ತು ನೀನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ನಿನಗೆ ನೋವಾಗುತ್ತದೆಂದು ನನಗೆ ತಿಳಿಯಲಿಲ್ಲವೆಂದಲ್ಲ. ತಿಳಿದೂ ಹಾಗೆ ಹೇಳಿದೆ. ನಿನ್ನ ಕೆಲಸದ ಬಟ್ಟೆಯನ್ನು ಹಿತ್ತಲ ಹಗ್ಗದ ಮೇಲೇ ಒಣಹಾಕು ಅನ್ನುತ್ತಿದ್ದದ್ದೂ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದಲ್ಲ. ಬೀದಿಯವರ ಕಣ್ಣಿಗೆ ಬೀಳದಿರಲಿ ಎಂದು.

ಇಷ್ಟೆಲ್ಲ ಗೊತ್ತಿದ್ದವಳು ನೀನು. ನನ್ನ ಬಾಯಿಂದಲೇ ಕೇಳಿದ ಮೇಲೂ ನನ್ನ ಮುಂದೆ ಮಂಡಿಯೂರಿ ಮೇಡಂ ಎಂದೆ. ನನ್ನ ಸುಳ್ಳನ್ನೇ ಮೆಟ್ಟಿಲು ಮಾಡಿ ನನ್ನನ್ನು ಗಾಡಿ ಹತ್ತಿಸಿದೆ. ಅಷ್ಟು ನೋವಿನಲ್ಲೂ ಕೆಲಸ ಕೆಡಬಾರದೆಂಬ ಬುದ್ಧಿ ನಿನಗೆ ಎಲ್ಲಿಂದ ಬಂತು? ನನ್ನಿಂದ ಎಂದು ಹೇಳಿಕೊಳ್ಳುವ ಆಸೆ ಇದೆ, ಆದರೆ ಹಾಗಲ್ಲ. ನಾನು ಓದಿಸಿದ್ದು ಒಂದು, ನೀನು ಕಲಿತದ್ದು ಇನ್ನೊಂದು. ನೀನು ಕಲಿತದ್ದೇ ನನ್ನನ್ನು ಉಳಿಸಿತು. ಇಪ್ಪತ್ತು ಜನರ ಪಾಳಿಗೆ ನಿನ್ನನ್ನು ಯಾಕೆ ಮುಖ್ಯಸ್ಥೆ ಮಾಡಿದ್ದಾರೆಂದು ನನಗೆ ಈಗ ಅರ್ಥವಾಯಿತು. ದಿನಾ ಬೆಳಿಗ್ಗೆ ಸಾವಿರಾರು ಜನ ನೀನು ನೋಡಿ ಬಿಟ್ಟ ಬಸ್ಸಿನಲ್ಲಿ ಕೂತು ನೆಮ್ಮದಿಯಾಗಿ ಪೇಪರ್ ಓದುತ್ತಾರೆ. ಅವರಿಗೆ ನಿನ್ನ ಹೆಸರು ಗೊತ್ತಿಲ್ಲ. ನನಗೆ ಗೊತ್ತಿದೆ, ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೇನೆ. ಹೊಲಿಗೆ ಬಿಚ್ಚೀತು, ಮೆಲ್ಲಗೆ ನಡಿ ಎಂದು ನಿಮ್ಮಪ್ಪ ರೇಗುತ್ತಾರೆ.

ನಿನ್ನೆ ನಿಮ್ಮತ್ತೆಗೆ ನಾನೇ ಫೋನ್ ಮಾಡಿದೆ. ಮೊದಲು ಮರೆವಿನ ಕಾಯಿಲೆ ಬಂದಿಲ್ಲವೆಂದು ತಿಳಿಸಿದೆ. ಆಮೇಲೆ ಮಗಳು ಆಫೀಸರ್ ಅಲ್ಲ, ಬಸ್ಸು ರಿಪೇರಿ ಮಾಡುತ್ತಾಳೆ, ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳು ಎಂದೆ. ಬೈಯುತ್ತಾರೇನೋ ಅಂದುಕೊಂಡೆ. ಅವರು ನೋಡಿದರೆ, ನಮ್ಮ ಕಾರು ಬ್ರೇಕ್ ಹಾಕಿದಾಗ ಕಿರ್ ಅನ್ನುತ್ತದೆ, ಅವಳು ಬಂದಾಗ ಒಂದು ಸಲ ನೋಡುತ್ತಾಳಾ ಎಂದರು. ಬಸ್ಸಿನವಳು ಕಾರು ಮುಟ್ಟುತ್ತಾಳೋ ಇಲ್ಲವೋ ಕೇಳಿ ಹೇಳುತ್ತೇನೆ ಎಂದು ಸ್ವಲ್ಪ ಬಿಗಿಯಾಗಿಯೇ ಇದ್ದೆ. ನಿನ್ನ ಬೆಲೆ ನಾನೇ ಇಳಿಸಿದ್ದು ಸಾಕು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಇಲ್ಲಿ ಗೀಚಿಹಾಕಿರುವುದು ಅದೇ. ಕ್ಷಮಿಸುವುದು ಬಿಡುವುದು ನಿನ್ನ ಇಷ್ಟ. ಆದರೆ ಇನ್ನು ಮುಂದೆ ಯಾರಾದರೂ ಏನು ಕೆಲಸವೆಂದು ಕೇಳಿದರೆ ಸುಮ್ಮನಾಗಬೇಡ. ಇದು ಅಮ್ಮನ ಅಪ್ಪಣೆ ಅಲ್ಲ, ಬೇಡಿಕೆ.

ಇಷ್ಟು ಬರೆಯಲು ಒಂಬತ್ತು ವರ್ಷ ತೆಗೆದುಕೊಂಡ
ನಿನ್ನ ಅಮ್ಮ

ವಿ.ಸೂ.: ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದದೆಯೇ ಬಸ್ಸು ಹತ್ತುತ್ತಿದ್ದೆ. ಆಪರೇಷನ್‌ಗೆ ಮುಂಚೆಯೇ ಡಾಕ್ಟರು ನನ್ನ ಕುತ್ತಿಗೆಯಲ್ಲೊಂದು ಗಂಟು ಕಂಡಿದ್ದರು. ನಿನಗೆ ಹೇಳದೆ ಮುಚ್ಚಿಟ್ಟೆ. ಪರೀಕ್ಷೆ ಮಾಡಿದ್ದಾರೆ, ಕೆಟ್ಟದ್ದಲ್ಲವಂತೆ, ಆದರೂ ತೆಗೆಯಬೇಕಂತೆ. ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ. ಮತ್ತೆ ಪೂರ್ತಿ ಅರಿವಳಿಕೆ. ಹೋದ ಸಲ ಆದದ್ದೆಲ್ಲ ಅವರಿಗೆ ತಿಳಿದಿದೆ, ಈ ಸಲ ಔಷಧಿ ನೋಡಿಕೊಂಡು ಕೊಡುತ್ತಾರಂತೆ. ನಿಮ್ಮಪ್ಪ ಹೆದರಿದ್ದಾರೆ. ನನಗೆ ಭಯವಿಲ್ಲ, ನೀನು ರಜೆ ಹಾಕಿದರೆ ಸಾಕು. ಶುಕ್ರವಾರ ಆಸ್ಪತ್ರೆಯ ಫಾರಂ ತುಂಬಿದೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಯಾರು ಎಂಬಲ್ಲಿ ನಿನ್ನ ಹೆಸರು ಬರೆದೆ. ಪಕ್ಕದಲ್ಲಿ ಉದ್ಯೋಗ ಎಂದು ಬೆರಳಗಲದ ಒಂದು ಚೌಕ ಇತ್ತು. 'ಬಸ್ ಮೆಕ್ಯಾನಿಕ್, ಪಾಳಿಯ ಮುಖ್ಯಸ್ಥೆ' ಎಂದು ದಪ್ಪಕ್ಷರದಲ್ಲಿ ಬರೆದೆ. ಅದು ಚೌಕ ದಾಟಿ, ಗೆರೆ ದಾಟಿ, ಕಾಗದದ ಅಂಚಿಗೇ ಹೋಯಿತು. ಅಂಚು ಬಿಟ್ಟು ಬರೆಯಿರಿ ಎಂದು ಜೀವಮಾನವಿಡೀ ಮಕ್ಕಳ ಕಿವಿ ಹಿಂಡಿದವಳು ನಾನು. ಕೌಂಟರಿನಾಕೆ ಬೇರೆ ಫಾರಂ ಕೊಡಲೇ ಎಂದು ಕೇಳಿದಳು. ಬೇಡ, ಹೀಗೇ ಇರಲಿ ಎಂದೆ.