ಆಣೆ ಹಾಕಿಸಿದ ಎಲೆಯಾಟ

ಮಮತಾ,

ಇಸಳೂರಿಗೆ ಹೋಗಿ ಸಂಜೆ ಬರುತ್ತೇನೆ. ಸಾರು ಬಿಸಿ ಮಾಡಿಕೊ, ನಿನ್ನ ತಮ್ಮನಿಗೂ ಬಡಿಸು.

ನಿನ್ನೆ ನಿನ್ನ ಮಗಳು ಸೌಮ್ಯ ತಂದ ಕಳ್ಳ-ಪೊಲೀಸ್ ಎಲೆಯಾಟದಲ್ಲಿ ನಿನಗೆ ದೇವರ ದೀಪ ಮುಟ್ಟಿ ಆಣೆ ಹಾಕೆಂದೆನಲ್ಲ, ಅದು ನಾನು ಮಾಡಿದ ಮೋಸ. ಕಳ್ಳನ ಎಲೆ ಬಂದವರು ಸುಳ್ಳು ಹೇಳುವುದೇ ಆಟ. "ಅಜ್ಜಿ, ಆಣೆ ಹಾಕ್ಸೂದು ರೂಲ್ಸಲ್ಲಿಲ್ಲ" ಎಂದು ಸೌಮ್ಯ ಹೇಳಿದಳು. ನಾನು ಕೇಳಲಿಲ್ಲ. ನೀನು ಸುಳ್ಳಾಣೆಗೆ ಅಂಜಿ ಎಲೆ ಕೆಳಗಿಟ್ಟೆ. ನಿನ್ನ ತಮ್ಮನ ಎದುರೇ ನಾನು "ಕಳ್ಳಿ ಸಿಕ್ಕಿಬಿದ್ಲು" ಎಂದು ನಕ್ಕೆ. ನೀನು ಊಟಕ್ಕೂ ಏಳಲಿಲ್ಲ.

ನಿನ್ನ ಮುಖ ನೋಡಲು ನಾಚಿಕೆಯಾಗಿ ಚಾ ಕುಡಿಯದೆ ಹೊರಟಿದ್ದೇನೆ.

ತಮ್ಮನನ್ನು ಇವತ್ತು ಕಳಿಸಬೇಡ. ಸಂಜೆ ಮತ್ತೆ ಎಲೆ ಹಂಚೋಣ. ಆಣೆ ಕೇಳುವುದಿಲ್ಲ. ಕಳ್ಳನ ಎಲೆ ಬಂದರೆ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳು.

ಅತ್ತೆ