ಮೊದಲು ಹಾಕಿದ ಕಾಲೇಜು

ಸುರೇಖಾ,

ಇದನ್ನು ನಿನಗೆ ಕಳಿಸುವುದಿಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ನಿನ್ನ ಪುಣೆಯ ವಿಳಾಸವನ್ನು ನಿನ್ನ ತಂಗಿ ಪೂರ್ವಿ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಇವತ್ತು ಮಧ್ಯಾಹ್ನ ಪೂರ್ವಿ ಲಾ ಕೌನ್ಸೆಲಿಂಗಿನ ವೆಬ್ ಆಪ್ಷನ್‌ನಲ್ಲಿ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಹಾಕಲು ಕುಳಿತಳು. ಹೌದು, ಅವಳೂ ವಕೀಲೆಯೇ ಆಗುತ್ತಾಳಂತೆ. ನಾಚಾರಂ ಫ್ಯಾಕ್ಟರಿಗೆ ರಜೆ ಹಾಕಿ, ಮೊಬೈಲ್ ಹಿಡಿದು ನಾನು ಪಕ್ಕದಲ್ಲಿದ್ದೆ. ಓಟಿಪಿ ಈಗಲೂ ನನ್ನ ನಂಬರಿಗೇ ಬರುತ್ತದೆ.

ನಿನ್ನ ಕೌನ್ಸೆಲಿಂಗಿನ ಸಮಯದಲ್ಲಿ ನೀನು ವರಂಗಲ್ಲಿನ ಕಾಲೇಜನ್ನು ಮೊದಲು ಹಾಕಿ ಗೆಳತಿಯ ಮದುವೆಗೆ ಹೋಗಿದ್ದೆ. ನನ್ನ ನಂಬರಿಗೆ ಬಂದ ಓಟಿಪಿಯಿಂದ ನಾನು ಅದನ್ನು ಕೆಳಗಿಳಿಸಿ, ಮನೆಯಿಂದ ಒಂದೇ ಬಸ್ಸಿಗೆ ಸಿಗುವ ಕಾಲೇಜನ್ನು ಮೇಲಕ್ಕೆ ತಂದೆ. ಸೀಟು ಅಲ್ಲೇ ಬಂತು. ನಿನ್ನ ಕೈಗೆ ಪೇಢೆ ಕೊಟ್ಟು “ವರಂಗಲ್ಲಿಗೆ ರ‍್ಯಾಂಕ್ ಸಾಲಲಿಲ್ಲವ್ವ” ಎಂದವನೂ ನಾನೇ. ನಿಜ ಗೊತ್ತಾದ ದಿನವೇ ನೀನು ಮನೆ ಬಿಟ್ಟೆ.

“ಅಪ್ಪಾ, ಯಾವ ಕಾಲೇಜ್ ಮೊದಲ ಹಾಕ್ಲಿ?” ಎಂದಳು ಪೂರ್ವಿ.

“ನಿನಗ ಯಾವ್ದು ಬೇಕೋ ಅದನ್ನ ಹಾಕವ್ವ. ನನ್ನ ಕೇಳಬ್ಯಾಡ.” ಈ ಮಾತನ್ನು ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ಕುಳಿತಿದ್ದೆ.

ಅವಳು ಮನೆ ಹತ್ತಿರದ ಅದೇ ಕಾಲೇಜನ್ನು ಮೊದಲು ಹಾಕಿದಳು. ಆದರೆ ವರಂಗಲ್ ಕಾಲೇಜಿನ ಫೋಟೊವನ್ನು ಅವಳು ತನ್ನ ಕಪಾಟಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ, ನಾನು ನೋಡಿದ್ದೇನೆ.

“ಅಕ್ಕ ಹೋದ ಮ್ಯಾಲ ನೀವು ಹೆಂಗಾಗೀರಿ ನೋಡೀನಲ್ರಿ,” ಎಂದಳು, ನನ್ನ ಕಡೆ ತಿರುಗದೆ. “ಓಟಿಪಿ ಬಂತೇನ್ರಿ?”

ಬೇಡ, ಬದಲಿಸು ಎನ್ನಲು ಬಾಯಿ ತೆರೆದೆ, ಸುರೇಖಾ. ಬಾಯಿಂದ ಬಂದದ್ದು ಆ ಆರು ಅಂಕಿ.