ಕೆಳಗೆ, ಎಡಕ್ಕೆ, ಒಂದು ಚುಕ್ಕೆ

ಜನವರಿ ೧೫, ೧೯೪೪. ಲಿಂಕನ್‌ಷೈರ್

ಮತ್ತೆ ಗಾಜು ಒರೆಸಿದೆ. ಬಾಂಬರಿನ ಬಾಲದಲ್ಲಿ ನನ್ನ ಗೂಡು. ನಾಲ್ಕು ಮೆಷಿನ್‌ಗನ್, ಸುತ್ತ ಗಾಜು. ರಾತ್ರಿ ಗಾಜಿನ ಕೊಳೆಯೂ ಜರ್ಮನ್ ವಿಮಾನದಂತೆಯೇ ಕಾಣುತ್ತದೆ. ನಿನ್ನೆ ಕೆಳಗೆ ಎಡಕ್ಕೆ ಕಪ್ಪು ಚುಕ್ಕೆ ಕಂಡು "ಸ್ಕಿಪ್ಪರ್, ಧುಮುಕು!" ಎಂದು ಕೂಗಿಬಿಟ್ಟೆ. ವಿಮಾನವನ್ನು ಕೆಳಕ್ಕೆ ಧುಮುಕಿಸಿದ. ಹಿಂದೆ ಯಾರೂ ಇರಲಿಲ್ಲ.

"ಮೂರನೇ ಸಲ ಕಣಯ್ಯಾ," ಎಂದ ಪೈಲಟ್ ಲೈಲ್. "ಇನ್ಮೇಲೆ ಖಾತ್ರಿ ಆದ್ರೆ ಮಾತ್ರ ಕೂಗು."

ಜನವರಿ ೧೮

ಮೆಕ್ಯಾನಿಕ್ ಪರ್ಕಿನ್ಸ್‌ಗೆ ಹೇಳಿ ಎದುರಿನ ಗಾಜನ್ನೇ ಕತ್ತರಿಸಿ ತೆಗೆಸಿದೆ.

"ಚಳೀಗೆ ಮೂಗು ಉದುರಿಹೋದ್ರೆ ನನ್ನ ಬೈಬೇಡ."

ಉದುರಲಿ. ಚುಕ್ಕೆಯ ಕಾಟ ತಪ್ಪಿತಲ್ಲ.

ಜನವರಿ ೨೧, ಬೆಳಿಗ್ಗೆ

ಬರ್ಲಿನ್‌ನಿಂದ ವಾಪಸ್. ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ಗಾಜಿಲ್ಲ. ಚುಕ್ಕೆ ಇತ್ತು.

ಅದು ನನ್ನ ಕಣ್ಣಿನಲ್ಲಿದೆ.

ಸಂಜೆ

ಹೊರೇಸ್‌ಗೆ ಮಾತ್ರ ಹೇಳಿದೆ. ವಿಮಾನದ ಬೆನ್ನ ಮೇಲಿನ ಗನ್ನು ಅವನದು.

"ಡಾಕ್ಟರ ಹತ್ರ ಹೋದ್ರೆ ಪುಕ್ಕಲ ಅಂತ ಬರೆದು ಬ್ಯಾಡ್ಜು ಕಿತ್ಕೋತಾರೆ. ನಮಗೆ ಯಾರೋ ಗುರುತಿಲ್ಲದವನು ಬರ್ತಾನೆ. ಇನ್ನೆರಡು ಸಲ ಹೋಗ್ಬಂದ್ರೆ ಮೂವತ್ತಾಯ್ತು ಮಾರಾಯ, ಎಲ್ರೂ ಮನೆಗೆ. ತಲೆ ಆಡಿಸಿ ನೋಡು. ಚುಕ್ಕೆ ಜೊತೆಗೇ ಆಡಿದ್ರೆ ನಿಂದು. ನಿಂತಲ್ಲೇ ನಿಂತ್ರೆ ಜರ್ಮನ್ನೋರ್ದು."

ಇಬ್ಬರೂ ನಕ್ಕೆವು. ಅಳು ಬರುವಷ್ಟು ನಿರಾಳ... ಡಾಕ್ಟರ ಬಳಿ ಹೋಗುವುದಿಲ್ಲವೆಂದು ಒಪ್ಪಿಕೊಂಡೆ.

ಜನವರಿ ೨೭

ಹೊರಡುವ ಮುನ್ನ ತಲೆಗೊಂದು ಮೊಟ್ಟೆ. ವಾಪಸ್ ಬಂದವರಿಗೆ ಇನ್ನೊಂದು. ಹೊರೇಸ್‌ನದು ಅದೇ ಹಳೇ ಮಾತು—

"ನೀ ಬರ್ದಿದ್ರೆ ನಿನ್ ಮೊಟ್ಟೆ ನಂಗೆ."

"ಮುಟ್ಟಿ ನೋಡು, ಕೈ ಮುರೀತೀನಿ."

ಜನವರಿ ೩೦

ಬರೆಯಲೇಬೇಕು. ಇಪ್ಪತ್ತೇಳರ ರಾತ್ರಿ. ಕೆಳಗೆ, ಎಡಕ್ಕೆ, ಚುಕ್ಕೆ. ತಲೆ ಆಡಿಸಿದೆ. ಅದು ಆಡಲಿಲ್ಲ. ಕೂಗಿದೆ— ಅಷ್ಟರಲ್ಲಿ ಜರ್ಮನ್ನವನು ಗುಂಡು ಹಾರಿಸಿಯಾಗಿತ್ತು. ನಾನೂ ಹೊಡೆದೆ. ಉರಿದು ಬಿದ್ದ. ಇಳಿದ ಮೇಲೆ ಹೊರೇಸ್‌ನ ಹೆಣವನ್ನು ಹೊತ್ತು ತಂದರು. ಮೆಸ್ಸಿನಲ್ಲಿ ನಮ್ಮ ಏಳು ಜನಕ್ಕೆಂದು ಏಳು ಮೊಟ್ಟೆ ಹುರಿದಿದ್ದರು. ಒಂದನ್ನು ಯಾರೂ ಮುಟ್ಟಲಿಲ್ಲ.

ತಲೆ ಆಡಿಸುತ್ತ ಕೂರದೆ ಕೂಗಿದ್ದರೆ ಹೊರೇಸ್ ಬದುಕುತ್ತಿದ್ದ.

"ನೀನು ಕೂಗ್ದೇ ಇದ್ದಿದ್ರೆ ಎಲ್ರೂ ಹೋಗ್ತಿದ್ವಿ," ಎಂದು ಲೈಲ್ ಕೈ ಹಿಡಿದುಕೊಂಡ. ಪದಕಕ್ಕೆ ನನ್ನ ಹೆಸರು ಕಳಿಸಿದ್ದಾನಂತೆ.

ಫೆಬ್ರವರಿ ೧೫

ಇವತ್ತು ಕೊನೆಯದು. ಮತ್ತೆ ಬರ್ಲಿನ್. ಹೊರೇಸ್‌ನ ಜಾಗಕ್ಕೆ ಸಿರಿಲ್ ಅಂತ ಹೊಸಬ.

"ನಿಮ್ ಕಣ್ಣು ಭಾರಿ ಚುರುಕಂತೆ, ಗುರೂ. ನಂಗಿನ್ನೇನ್ ಭಯ!"

ಚುಕ್ಕೆ ದೊಡ್ಡದಾಗಿದೆ. ಬರೆಯುವಾಗ ಅಕ್ಷರಗಳನ್ನೂ ನುಂಗುತ್ತಿದೆ. ಲೈಲ್‌ಗೆ ಹೇಳಲೇಬೇಕು. ಹೊರಗೆ ಲಾರಿ ಹಾರ್ನ್ ಮಾಡುತ್ತಿದೆ. ಲಾರಿಯಲ್ಲಿ ಹೇಳುತ್ತೇನೆ. ಇಲ್ಲ, ಅಲ್ಲಿ ಎಲ್ಲರೂ ಇರುತ್ತಾರೆ. ವಿಮಾನ ಹತ್ತುವ ಮುನ್ನ, ಅವನೊಬ್ಬನೇ ಸಿಕ್ಕಾಗ